ಎಡಕ್ಕೆ ವಾಲಿದ ಮುರಿಗೆ

"ಎಂಟನೆಯ ತಿಂಗಳಲ್ಲಿ ಓಜಸ್ಸೆಂಬ ಪ್ರಾಣಸಾರ ತಾಯಿಯಿಂದ ಶಿಶುವಿಗೂ ಶಿಶುವಿನಿಂದ ತಾಯಿಗೂ ಹೋಗಿಬರುತ್ತಿರುತ್ತದೆ ಎಂದಿರಿ. ಆ ದಾರಿಯಲ್ಲಿ ದುಃಖವೂ ಹೋಗಿಬರುತ್ತದೆಯೇ, ಗುರುಗಳೇ?"

ಹೀಗೆ ಕೇಳಿದವನು ಅಡವಯ್ಯ. ಮಠದಲ್ಲಿ ಗುರುಗಳ ಬಳಿ ವೈದ್ಯಶಾಸ್ತ್ರವನ್ನು ಓದುತ್ತಿದ್ದವರಲ್ಲಿ ಅವನೇ ಹಿರಿಯ, ಸಂಸಾರಿಯೂ ಅವನೊಬ್ಬನೇ. ಊರೊಳಗೆ ಮನೆ ಮಾಡಿಕೊಂಡು, ಬೆಳಗಿನ ಪಾಠಕ್ಕೆ ಬಂದು ಮಧ್ಯಾಹ್ನಕ್ಕೆ ಹಿಂದಿರುಗುತ್ತಿದ್ದನು. ಅಂದಿನ ಪಾಠ ಗರ್ಭದ ಬೆಳವಣಿಗೆಯನ್ನು ಕುರಿತದ್ದು. ಮೊದಲ ತಿಂಗಳಲ್ಲಿ ಅದು ಬರಿಯ ದ್ರವ, ಎರಡನೆಯದರಲ್ಲಿ ಗಟ್ಟಿಗೊಳ್ಳುತ್ತದೆ, ಮೂರನೆಯದರಲ್ಲಿ ಕೈಕಾಲು ತಲೆಗಳು ಮೊಳೆಯುತ್ತವೆ, ನಾಲ್ಕನೆಯದರಲ್ಲಿ ಹೃದಯ ವ್ಯಕ್ತವಾಗುತ್ತದೆ, ಅಂದಿನಿಂದ ತಾಯಿ ಎರಡು ಹೃದಯದವಳು. ಇಷ್ಟನ್ನೂ ಅವನು ತಪ್ಪಿಲ್ಲದೆ ಒಪ್ಪಿಸಿದ್ದನು. ಎಂಟನೆಯ ತಿಂಗಳಿಗೆ ಬಂದಾಗ ನಾಲಗೆ ತಡವರಿಸಿತು.

ಅವನ ಹೆಂಡತಿ ನೀಲವ್ವನಿಗೆ ಆಗ ಎಂಟು ತಿಂಗಳು. ತಂದೆತಾಯಿ ಇಲ್ಲದ ಅವಳನ್ನು ಸಾಕಿ ಮದುವೆ ಮಾಡಿಕೊಟ್ಟವನು ಅವಳ ಅಣ್ಣ. ಆ ಅಣ್ಣನು ಹೊಳೆ ದಾಟುವಾಗ ಹರಿಗೋಲು ಮಗುಚಿ ತೀರಿಕೊಂಡನೆಂಬ ಕಾಗದ ಮೂರು ದಿನಗಳ ಹಿಂದೆ ಅಡವಯ್ಯನ ಕೈಸೇರಿತ್ತು. ಅದನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಮನೆಯಲ್ಲಿಟ್ಟರೆ ಅವಳ ಕಣ್ಣಿಗೆ ಬಿದ್ದೀತೆಂದು ಧೋತರದ ಸೊಂಟದ ಗಂಟಿನಲ್ಲಿ ಸಿಕ್ಕಿಸಿಕೊಂಡೇ ತಿರುಗುತ್ತಿದ್ದನು. ಈ ಮೂರು ದಿನಗಳಲ್ಲಿ ನೀಲವ್ವ ಒಮ್ಮೆಯೂ ಅಣ್ಣನ ಹೆಸರನ್ನು ಎತ್ತಿರಲಿಲ್ಲ. ಅದು ತನ್ನ ಪುಣ್ಯವೆಂದು ಅವನು ಎಣಿಸಿದ್ದನು.

"ಶಾಸ್ತ್ರಕ್ಕಾಗಿ ಕೇಳುತ್ತಿರುವೆಯೋ, ಸ್ವಂತಕ್ಕಾಗಿಯೋ?" ಎಂದರು ಗುರುಗಳು.

"ಶಾಸ್ತ್ರಕ್ಕಾಗಿಯೇ," ಎಂದ ಅಡವಯ್ಯ. ಅವನ ಬೆರಳು ಸೊಂಟದ ಗಂಟಿಗೆ ಹೋಗಿ, ಕಾಗದ ಅಲ್ಲಿಯೇ ಇದೆಯೆಂದು ಕಂಡುಕೊಂಡು, ಹಿಂದಕ್ಕೆ ಬಂದಿತು.

"ಶಾಸ್ತ್ರಕ್ಕಾದರೆ ಕತೆ ಸಾಕು," ಎಂದು ಗುರುಗಳು ಗ್ರಂಥವನ್ನು ಮುಚ್ಚಿ ಬಟ್ಟೆ ಸುತ್ತಿದರು. ಆಮೇಲೆ ಹೇಳತೊಡಗಿದರು.

ಹೊಳೆಯಾಚೆಯ ಪಟ್ಟಣದಲ್ಲಿ ಒಬ್ಬ ವರ್ತಕನಿದ್ದನು. ಅವನ ಮನೆಯಲ್ಲಿ ಮೂವರು: ಅವನು, ಅವನ ತಾಯಿ, ಅವನ ಹೆಂಡತಿ. ಆ ಸೊಸೆಗೆ ಎರಡು ಸಲ ಗರ್ಭ ನಿಂತು ಎರಡು ಸಲವೂ ಇಳಿದುಹೋಗಿತ್ತು. ಮೊದಲ ಸಲ, ಬೀದಿಯಲ್ಲಿ ಹೆಣ ಹೋದುದನ್ನು ಅವಳು ಕಂಡ ಮರುವಾರ. ಎರಡನೆಯ ಸಲ, ಹಿತ್ತಲಿನಲ್ಲಿ ಹಾವು ಕಂಡು ಚೀರಿದ ಮರುದಿನ. ಕಾರಣ ಇದೇ ಎಂದು ಬಲ್ಲವರು ಯಾರೂ ಹೇಳಿರಲಿಲ್ಲ. ಬೇರೆ ಕಾರಣವೂ ಯಾರಿಗೂ ಹೊಳೆದಿರಲಿಲ್ಲ. ಮೂರನೆಯ ಸಲ ಗರ್ಭ ನಿಂತಾಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಈ ಸಲ ಇವಳ ಕಿವಿಗೆ ಕೆಟ್ಟ ಮಾತು ಬೀಳಕೂಡದು, ಕಣ್ಣಿಗೆ ಕೆಟ್ಟದ್ದು ಕಾಣಕೂಡದು. ಅದಕ್ಕೆ ದಾರಿ ಆಗಬೇಕಾದರೆ ನನ್ನ ಹೆಣದ ಮೇಲೆಯೇ ಆಗಬೇಕು."

"ಹೆಣ ಎನ್ನುವ ಮಾತನ್ನೇ ಆಡಬಾರದೆಂದು ಈಗ ತಾನೇ ಕಟ್ಟುಮಾಡಿದೆಯಲ್ಲ, ಅವ್ವ," ಎಂದ ವರ್ತಕ.

ಅತ್ತೆ ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಂಡಳು. ಸೊಸೆ ನಕ್ಕಳು. ಆ ಮನೆಯಲ್ಲಿ ಮೂವರೂ ಮನಸ್ಸು ಬಿಚ್ಚಿ ನಕ್ಕದ್ದು ಆ ವರ್ಷಕ್ಕೆ ಅದೇ ಕೊನೆ.

ಅಂದಿನಿಂದ ಬೀದಿಯ ಬಾಗಿಲು ಮುಚ್ಚಿತು. ಸಾವಿನ ಮನೆಯ ಮುಂದೆ ಜಾಗಟೆ ಬಾರಿಸುವ ದಾಸಯ್ಯನು ಆ ಬೀದಿ ಮುಗಿಯುವವರೆಗೆ ಜಾಗಟೆಯನ್ನು ಕಂಕುಳಲ್ಲಿ ಅವುಚಿಕೊಂಡು ಹೋದನು. ಸ್ಮಶಾನಕ್ಕೆ ಹೋಗುವವರು ಹಿಂದಿನ ಓಣಿ ಹಿಡಿದರು. "ವರ್ತಕನ ಹೆಂಡತಿ ಹೆರುವವರೆಗೆ ಈ ಊರಿನಲ್ಲಿ ಸಾಯುವುದಕ್ಕೂ ಅವನ ಅಪ್ಪಣೆ ಬೇಕು," ಎಂದು ಜನ ಆಡಿಕೊಂಡರು. ಆಡಿಕೊಂಡರೂ ದಾರಿ ಬಿಟ್ಟುಕೊಟ್ಟರು. ಎರಡು ಸಲ ಬರಿಗೈಯಾದವಳ ಮೇಲೆ ಯಾರಿಗೆ ಹಗೆ?

ನಾಲ್ಕನೆಯ ತಿಂಗಳಲ್ಲಿ ಬಯಕೆ ಹುಟ್ಟಿತು. ಬಯಕೆ ಶಿಶುವಿನದು, ಬಾಯಿ ಮಾತ್ರ ತಾಯಿಯದು ಎನ್ನುತ್ತಾರೆ. ಆ ಶಿಶುವಿಗೆ ಬೇಕಾದದ್ದು ಅಜ್ಜಿಯ ಕೈಯ ಕರಿಗಡುಬು. ಸೊಸೆಯ ತವರು ಎರಡು ಹರದಾರಿಯ ಹಳ್ಳಿ. ಹೇಳಿಕಳಿಸಿದ್ದೇ ತಡ, ಸೋಮವಾರದ ಸಂತೆಗೆ ಬರುವ ಗಾಡಿಯಲ್ಲಿ ಅವಳ ತಾಯಿ ಬುಟ್ಟಿ ಕಳಿಸಿದಳು. ಆ ತಾಯಿ ಎಡಚಿ. ಹೂರಣ ತುಂಬಿ, ಕಣಕವನ್ನು ಮಡಿಸಿ, ಅಂಚನ್ನು ಬೆರಳಿನಿಂದ ಹೊಸೆದು ಮುರಿಗೆ ಹಾಕುವಾಗ ಎಲ್ಲರ ಮುರಿಗೆ ಬಲಕ್ಕೆ ವಾಲಿದರೆ ಅವಳದು ಎಡಕ್ಕೆ ವಾಲುತ್ತಿತ್ತು. "ನಮ್ಮವ್ವನ ಕಡುಬು ಹಿಂದುಹಿಂದಕ್ಕೆ ನಡೆಯುತ್ತದೆ," ಎಂದು ಚಿಕ್ಕಂದಿನಲ್ಲಿ ಮಗಳು ಹಾಸ್ಯ ಮಾಡುತ್ತಿದ್ದಳು. ಈಗ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದನ್ನು ಮುರಿದು ಬಾಯಿಗಿಟ್ಟಳು. ಇನ್ನೊಂದನ್ನು ತಿಂದಳು. ಮುಚ್ಚಿದ ಅಂಗೈಯಲ್ಲಿ ಮಿಡತೆ ಮಿಸುಕಿದ ಹಾಗೆ ಒಳಗೆ ಏನೋ ಮಿಸುಕಿತು.

"ಅತ್ತೇ!" ಎಂದು ಕೂಗಿದಳು.

ಅತ್ತೆ ಹಿಟ್ಟಿನ ಕೈಯಲ್ಲಿಯೇ ಓಡಿಬಂದಳು. ಹೊಟ್ಟೆಯ ಮೇಲೆ ಐದು ಬೆರಳಿನ ಬಿಳಿಯ ಗುರುತು ಮೂಡಿತು. ಒರೆಸಲು ಸೊಸೆ ಬಿಡಲಿಲ್ಲ.

ಐದನೆಯ ತಿಂಗಳಲ್ಲಿ ಸೊಸೆಯ ತಾಯಿಗೆ ಜ್ವರ ಬಂದು, ಮೂರನೆಯ ದಿನ ಅವಳು ತೀರಿಕೊಂಡಳು. ಸುದ್ದಿ ತಂದ ಸೊಸೆಯ ಅಣ್ಣ ಮನೆಗೆ ಬರಲಿಲ್ಲ, ಅಂಗಡಿಗೆ ಹೋದನು. ವರ್ತಕನು ಸರಕು ನೋಡಲು ಹೋಗುತ್ತೇನೆಂದು ಹೆಂಡತಿಗೆ ಹೇಳಿ ಹಳ್ಳಿಗೆ ಹೋದನು. ಗರ್ಭಿಣಿಯ ಗಂಡ ಚಟ್ಟಕ್ಕೆ ಹೆಗಲು ಕೊಡಬಾರದೆಂಬ ಕಟ್ಟಳೆ ಇದ್ದುದರಿಂದ ದೂರದ ಬೇವಿನ ಮರದ ಕೆಳಗೆ ನಿಂತು ನೋಡಿ, ಕೆರೆಯಲ್ಲಿ ಮುಳುಗಿ, ಬಟ್ಟೆ ಒಣಗಿಸಿಕೊಂಡು, ಮುಖಕ್ಕೆ ನಗೆ ತಂದುಕೊಂಡು ಮನೆ ಸೇರಿದನು.

"ಹೆರಿಗೆಯಾಗಿ ಹನ್ನೊಂದು ದಿನ ಕಳೆಯಲಿ," ಎಂದಳು ಅತ್ತೆ, ಮಗನೊಡನೆ ಗುಟ್ಟಿನಲ್ಲಿ. "ಆಮೇಲೆ ನಾನೇ ಹೇಳುತ್ತೇನೆ. ಬೈಗುಳವಿದ್ದರೆ ನನಗೇ ಇರಲಿ."

ಆದರೆ ಸೋಮವಾರ ಯಾರ ಅಪ್ಪಣೆಗೂ ನಿಲ್ಲುವುದಿಲ್ಲ. ಬುಟ್ಟಿ ಬರದಿದ್ದರೆ ಸೊಸೆ ಕೇಳುತ್ತಾಳೆ. ಅದಕ್ಕಾಗಿ ಅತ್ತೆ ಹಿಂದಿನ ಓಣಿಯಲ್ಲಿದ್ದ ನೆಂಟರ ಮನೆಗೆ ಹೋಗಿ, ಅಲ್ಲಿ ಒಲೆ ಹೊತ್ತಿಸಿ ಕಡುಬು ಕರಿದಳು. ಎಳ್ಳನ್ನು ಬೀಗಿತ್ತಿಯಂತೆ ಕೊಂಚ ಹೆಚ್ಚು ಹುರಿದಳು. ಏಲಕ್ಕಿಯನ್ನು ಬೀಗಿತ್ತಿಯಂತೆ ಸಿಪ್ಪೆಸಹಿತ ಕುಟ್ಟಿದಳು. ಹಳೆಯ ಬುಟ್ಟಿಗೇ ತುಂಬಿ ಸಂತೆಯ ಗಾಡಿಯವನ ಕೈಗೆ ಕೊಟ್ಟು, ತಾನು ಹಿತ್ತಲ ಬಾಗಿಲಿನಿಂದ ಒಳಗೆ ಬಂದು, ಅವನು ಮುಂಬಾಗಿಲು ತಟ್ಟಿದಾಗ ತಾನೇ ಹೋಗಿ ತೆರೆದಳು. "ಬಂತು ನೋಡು ನಿಮ್ಮವ್ವನ ಬುಟ್ಟಿ!" ಎಂದು ಕೂಗಿದಳು.

ಸೊಸೆ ಬುಟ್ಟಿಯ ಬಟ್ಟೆ ಸರಿಸಿದಳು. ಹನ್ನೊಂದು ಕಡುಬುಗಳಿದ್ದವು. ಹನ್ನೊಂದರ ಮುರಿಗೆಯೂ ಬಲಕ್ಕೆ ವಾಲಿತ್ತು.

ಅತ್ತೆ ಅವಳ ಬಾಯಿಯನ್ನೇ ನೋಡುತ್ತ ನಿಂತಿದ್ದಳು.

"ಹೇಗಿದೆಯಮ್ಮ?"

"ಅವ್ವನ ಕೈಯ ರುಚಿಯೇ, ಅತ್ತೆ."

ತಾಯಿಯ ಕೈಗೆ ಗಾಯವಾಗಿರಬಹುದು, ಅತ್ತಿಗೆ ಮಾಡಿರಬಹುದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮುಂದಿನ ಸೋಮವಾರವೂ ಬಲಕ್ಕೆ. ಕೈಯ ಗಾಯ ಇನ್ನೂ ಮಾದಿಲ್ಲವೆಂದು ಹೇಳಿಕೊಂಡಳು. ಆದರೆ ಅತ್ತಿಗೆಯ ಕಡುಬು ದಪ್ಪ ಅಂಚಿನದು ಎಂಬುದು ಅವಳಿಗೆ ಗೊತ್ತಿತ್ತು. ಇಷ್ಟು ತೆಳುವಾಗಿ ಲಟ್ಟಿಸುವ ಕೈ ತಾನು ಕಂಡಂತೆ ಒಂದೇ, ಅದು ಈ ಮನೆಯದು ಎಂಬುದೂ ಗೊತ್ತಿತ್ತು. ಗೊತ್ತಿದ್ದುದನ್ನು ಒಂದರ ಪಕ್ಕಕ್ಕೆ ಒಂದು ಇಟ್ಟು ನೋಡಲು ಮಾತ್ರ ಅವಳಿಗೆ ಧೈರ್ಯ ಸಾಲಲಿಲ್ಲ.

ಸಾವಿನ ಹದಿನಾರನೆಯ ದಿನ ಅಣ್ಣ ಬಂದನು. ಅವ್ವನಿಗೆ ಕಾಲುನೋವು, ಪ್ರಯಾಣ ಆಗದು ಎಂದು ಹೇಳಿ ತಂಗಿಯನ್ನು ಸಮಾಧಾನ ಮಾಡಿ ಹೋಗಬೇಕೆಂದು ವರ್ತಕನೇ ಕರೆಸಿದ್ದನು. ಅಣ್ಣನ ವಾಡಿಕೆಯೆಂದರೆ ಹೊಸ್ತಿಲು ದಾಟಿದೊಡನೆ ರುಮಾಲು ತೆಗೆದು ಗೂಟಕ್ಕೆ ಹಾಕುವುದು. ಅಂದು ರುಮಾಲು ತಲೆಯ ಮೇಲೆಯೇ ಉಳಿಯಿತು. ಊಟಕ್ಕೆ ಕುಳಿತಾಗಲೂ ಉಳಿಯಿತು.

"ಶೀತವಂತೆ ಪಾಪ," ಎಂದಳು ಅತ್ತೆ, ಯಾರೂ ಕೇಳುವ ಮೊದಲೇ.

ಅಣ್ಣ ಕೈತೊಳೆಯಲು ಬಾಗಿದನು. ಕಿವಿಯ ಹಿಂದೆ ರುಮಾಲು ಒಂದು ಬೆರಳಷ್ಟು ಮೇಲೆ ಸರಿಯಿತು. ಅಲ್ಲಿ ಕೂದಲಿರಲಿಲ್ಲ. ಹೊಸದಾಗಿ ಬೋಳಿಸಿದ ಚರ್ಮ ಬೆಳ್ಳಗೆ ಕಂಡಿತು. ಅವರ ಕುಲದಲ್ಲಿ ಗಂಡುಮಕ್ಕಳು ತಲೆ ಬೋಳಿಸಿಕೊಳ್ಳುವುದು ಹೆತ್ತವರು ಸತ್ತಾಗ ಮಾತ್ರ. ತಂದೆ ಸತ್ತು ಹತ್ತು ವರ್ಷವಾಗಿತ್ತು.

ಸೊಸೆ ನೀರಿನ ತಂಬಿಗೆಯನ್ನು ಬೀಳಿಸಲಿಲ್ಲ. ನೀರು ಮುಗಿಯುವವರೆಗೆ ಅಣ್ಣನ ಕೈಗೆ ಹೊಯ್ದಳು.

"ಅವ್ವ ಏನು ಹೇಳಿ ಕಳಿಸಿದಳು, ಅಣ್ಣಾ?"

"ಚೆನ್ನಾಗಿ ಉಣ್ಣಬೇಕಂತೆ. ನಗುನಗುತ್ತ ಇರಬೇಕಂತೆ."

"ನಗುತ್ತಿದ್ದಾಳೆಂದು ಹೇಳು."

ಅಣ್ಣ ಮುಖವನ್ನು ರುಮಾಲಿನ ತುದಿಯಿಂದ ಒರೆಸಿಕೊಂಡನು. ಊಟದ ಬೆವರು ಎಂದನು.

ಅವಳ ಎದೆಯಲ್ಲಿ ಅಳು ಎದ್ದಿತು. ಎದ್ದ ಕ್ಷಣದಲ್ಲಿಯೇ, ಬೆಳಗಿನಿಂದ ಮಿಸುಕಾಡುತ್ತಿದ್ದ ಶಿಶು ಥಟ್ಟನೆ ಸುಮ್ಮನಾಯಿತು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಮೊದಲನೆಯದು ಹೋದದ್ದು ನೆನಪಾಯಿತು, ಎರಡನೆಯದು ಹೋದದ್ದು ನೆನಪಾಯಿತು. ತನ್ನ ದುಃಖ ಇದಕ್ಕೂ ತಾಗಿತೆಂದು ಅವಳು ಹೆದರಿದಳು. ಎದ್ದ ಅಳುವನ್ನು ಹಾಗೆಯೇ ನುಂಗಿ, ಉಸಿರನ್ನು ಬಿಗಿಹಿಡಿದು ಕುಳಿತಳು. ಬಹಳ ಹೊತ್ತಿನ ಮೇಲೆ ಶಿಶು ಒಮ್ಮೆ ಮಿಸುಕಿತು. ಆಗ ಅವಳಿಗೆ ಒಂದು ನಿಶ್ಚಯ ಉಂಟಾಯಿತು: ಅತ್ತರೆ ಮಗು ಉಳಿಯದು.

ಸಾವಿನ ಸುದ್ದಿ ತಡವಾಗಿ ತಲುಪಿದರೆ, ಕೇಳಿದ ದಿನದಿಂದ ಮೂರು ದಿನ ಸೂತಕವೆಂಬುದು ಅವರ ಆಚಾರ. ಅವಳಿಗೆ ಯಾರೂ ಹೇಳಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ಆದರೂ ಮರುದಿನ ಮೈಬಿಸಿಯ ನೆಪದಿಂದ ತಲೆಗೆ ತಣ್ಣೀರು ಹಾಕಿಕೊಂಡಳು. ಮೂರು ದಿನ ಬೆನ್ನುನೋವಿನ ನೆಪದಿಂದ ದೇವರ ದೀಪ ಮುಟ್ಟಲಿಲ್ಲ. ಅತ್ತೆ ಎಣ್ಣೆ ಬಿಸಿಮಾಡಿ ತಂದು ಅವಳ ಬೆನ್ನು ಒತ್ತಿದಳು. ಸೂತಕದವಳೆಂದು ತಿಳಿಯದೆ ಅತ್ತೆ ಒತ್ತಿದಳು. ತಿಳಿದವಳು ತಿಳಿಯದವಳಂತೆ ಒತ್ತಿಸಿಕೊಂಡಳು.

ಆರನೆಯ ತಿಂಗಳು ಕಳೆಯಿತು. ವರ್ತಕನು ಮನೆಗೆ ಬರುವಾಗ ಹೊಸ್ತಿಲಿನಿಂದಲೇ ಗಟ್ಟಿಯಾಗಿ ನಗುತ್ತ ಬರುತ್ತಿದ್ದನು. "ನಿಮ್ಮೂರಿನವನೊಬ್ಬ ಸಿಕ್ಕಿದ್ದ. ಅತ್ತೆಯವರ ಕಾಲು ಈಗ ವಾಸಿಯಂತೆ," ಎನ್ನುತ್ತಿದ್ದನು. ಮರುವಾರ ಮರೆತು, "ಕಾಲು ಇನ್ನೂ ನೋವಂತೆ," ಎನ್ನುತ್ತಿದ್ದನು. ಅವಳು ಎರಡಕ್ಕೂ ತಲೆಯಾಡಿಸುತ್ತಿದ್ದಳು. ಏಳನೆಯ ತಿಂಗಳಲ್ಲಿ ತವರಿನಿಂದ ಬಂದವೆಂದು ಹಸಿರು ಬಳೆಗಳು ಬಂದವು. ಅವನ್ನು ತೊಟ್ಟಳು. ಸೋಮವಾರದ ಕಡುಬು ಬಂದಿತು. ಅದನ್ನು ತಿಂದಳು.

ಅವಳು ಉಸಿರು ಬಿಗಿಹಿಡಿದಾಗ ಶಿಶು ಸುಮ್ಮನಾಗುತ್ತಿತ್ತು. ಶಿಶು ಸುಮ್ಮನಾದರೆ ಅವಳಿಗೆ ದಿಗಿಲು. ದಿಗಿಲಾದರೆ ಉಸಿರು ಇನ್ನಷ್ಟು ಬಿಗಿ. ಹೀಗೆ ಅವಳಿಂದ ಅದೂ ಅದರಿಂದ ಅವಳೂ ಕಲಿಯುತ್ತ, ಒಬ್ಬರನ್ನೊಬ್ಬರು ಕಾಯುತ್ತ, ಇಬ್ಬರೂ ದಿನದಿಂದ ದಿನಕ್ಕೆ ನಿಶ್ಶಬ್ದರಾದರು. ಅವಳು ಬೆಳಗ್ಗೆ ಎದ್ದು ಮಿಸುಕನ್ನು ಎಣಿಸುವಳು. ಹತ್ತು ಇದ್ದದ್ದು ಏಳಾಯಿತು, ಏಳು ಇದ್ದದ್ದು ನಾಲ್ಕಾಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆ ಹೆದರುತ್ತಾಳೆ. ಆ ಹೆದರಿಕೆಯನ್ನು ನೋಡಿದರೆ ತಾನು ಅಳುತ್ತೇನೆ.

ಎಂಟನೆಯ ತಿಂಗಳಲ್ಲಿ ವರ್ತಕನೇ ಸೂಲಗಿತ್ತಿಯನ್ನು ಕರೆಸಿದನು. ವಯಸ್ಸಾದ ಹೆಂಗಸು. ಸೊಸೆಯ ಹೊಟ್ಟೆಗೆ ಅಂಗೈಯಿಟ್ಟಳು, ಕಿವಿಯಿಟ್ಟಳು.

"ಮಗು ಇದೆ, ಮಿಡಿತವೂ ಇದೆ. ಆದರೆ ಬಾಗಿಲ ಹಿಂದೆ ಅವಿತು ನಿಂತವರ ಹಾಗಿದೆ."

"ಒಳ್ಳೆಯ ಮಾತಾಡೇ," ಎಂದಳು ಅತ್ತೆ.

"ಒಳ್ಳೆಯ ಮಾತಾಡುವುದಕ್ಕೆ ಈ ಮನೆಯಲ್ಲಿ ಬೇಕಾದಷ್ಟು ಜನ ಇದ್ದೀರಲ್ಲ ತಾಯಿ, ನನ್ನನ್ನೇಕೆ ಕರೆಸಿದಿರಿ?" ಎಂದಳು ಸೂಲಗಿತ್ತಿ. ಎಲೆಅಡಿಕೆ ಹಾಕಿಕೊಂಡು ಹೊರಟಳು. ಹೊಸ್ತಿಲಲ್ಲಿ ನಿಂತು ಒಮ್ಮೆ ತಿರುಗಿ ಸೊಸೆಯನ್ನು ನೋಡಿದಳು. ಸೊಸೆ ನಗುತ್ತಿದ್ದಳು.

ಒಂಬತ್ತು ತುಂಬಿ ಒಂದು ಬೆಳಗ್ಗೆ ನೋವು ಮೊದಲಾಯಿತು. ಸೂಲಗಿತ್ತಿ ಬಂದು ಬಾಗಿಲು ಹಾಕಿಕೊಂಡಳು. ಬಿಸಿಲು ಅಂಗಳಕ್ಕೆ ಇಳಿಯಿತು, ಅಂಗಳವನ್ನು ದಾಟಿತು, ನಡುಮಧ್ಯಾಹ್ನವಾಯಿತು. ಮಗು ಇಳಿಯಲಿಲ್ಲ. ಸೊಸೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಅವಳ ಹಣೆಯಿಂದ ಬೆವರು ಧಾರೆಯಾಗಿ ಹರಿಯುತ್ತಿತ್ತು. ಬಾಯಿಂದ ಮಾತ್ರ ಒಂದು ದನಿಯೂ ಹೊರಟಿರಲಿಲ್ಲ.

"ಕೂಗಮ್ಮ," ಎಂದಳು ಸೂಲಗಿತ್ತಿ.

ಸೊಸೆ ಬೇಡವೆಂದು ತಲೆಯಾಡಿಸಿದಳು. ಸೆರಗಿನ ಸಂದಿನಿಂದಲೇ ಹೇಳಿದಳು: "ಕೂಗಿದರೆ ಮಗು ಹೆದರುತ್ತದೆ."

"ಕೇಳಿಲ್ಲಿ. ನನ್ನ ಕೈಯ ಮೇಲೆ ಊರಿನ ಅರ್ಧ ಹೆಂಗಸರು ಹೆತ್ತಿದ್ದಾರೆ. ಗಂಡನನ್ನು ಬೈದವರುಂಟು, ದೇವರನ್ನು ಬೈದವರುಂಟು, ನನ್ನ ಮುಂಗೈ ಕಚ್ಚಿದವರುಂಟು. ಯಾರು ಏನೇ ಬೈಯಲಿ, ನಡುನಡುವೆ ಅವ್ವಾ ಎನ್ನದವಳನ್ನು ನಾನು ಕಂಡಿಲ್ಲ. ಬೆಳಗಿನಿಂದ ನೀನೇಕೆ ಒಮ್ಮೆಯೂ ಅವ್ವಾ ಎನ್ನಲಿಲ್ಲ?"

ಗುರುಗಳು ಇಲ್ಲಿ ಸ್ವಲ್ಪ ತಡೆದರು. ಅಡವಯ್ಯನ ಬೆರಳು ಸೊಂಟದ ಗಂಟಿನ ಮೇಲಿತ್ತು. ಗುರುಗಳು ನೀರು ಕುಡಿದು ಮುಂದುವರಿಸಿದರು.

ನೋವಿನ ಒಂದು ಅಲೆ ಬಂದು ಹೋಯಿತು. ಅನಂತರ ಸೊಸೆ ಸೆರಗನ್ನು ಬಾಯಿಂದ ತೆಗೆದಳು.

"ಆ ಮಾತು ಒಮ್ಮೆ ಹೊರಟರೆ ನಿಲ್ಲುವುದಿಲ್ಲ."

"ಯಾವಾಗ ಹೋದಳು?"

"ಐದನೆಯ ತಿಂಗಳಲ್ಲಿ. ನನಗೆ ತಿಳಿದಿದೆಯೆಂದು ಇವರಿಗೆ ತಿಳಿಯದು. ನಿನ್ನ ಕಾಲಿಗೆ ಬೀಳುತ್ತೇನೆ, ಹೇಳಬೇಡ. ಒಂದು ಸೋಮವಾರವನ್ನೂ ತಪ್ಪಿಸದೆ ಅತ್ತೆ ಕಡುಬು ಮಾಡಿದ್ದಾರೆ."

ಸೂಲಗಿತ್ತಿ ಎದ್ದು ಬಾಗಿಲು ತೆರೆದಳು. ಅತ್ತೆ ಬಿಸಿನೀರಿನ ಚರಿಗೆ ಹಿಡಿದು ಅಲ್ಲಿಯೇ ನಿಂತಿದ್ದಳು. ಆಚೆ ಅಂಗಳದಲ್ಲಿ ವರ್ತಕನು ಕಂಬಕ್ಕೆ ಹಣೆಯೊತ್ತಿ ನಿಂತಿದ್ದನು.

"ಒಳಗೆ ಬಂದು ಅವಳಿಗೆ ನಿಜ ಹೇಳು," ಎಂದಳು ಸೂಲಗಿತ್ತಿ.

"ಯಾವ ನಿಜ?"

"ಹೂರಣದ ಜೊತೆಗೆ ತುಂಬಿ ಮುರಿಗೆ ಹಾಕಿದೆಯಲ್ಲ, ಆ ನಿಜ."

ಅತ್ತೆಯ ಕೈಯ ನೀರು ಅರ್ಧ ಚೆಲ್ಲಿತು. "ಈ ಹೊತ್ತಿನಲ್ಲೇ? ಇಬ್ಬರನ್ನೂ ಕೊಲ್ಲಬೇಕೆಂದಿದ್ದೀಯಾ? ಎರಡು ಹೋಗಿವೆ. ಇದೊಂದನ್ನು ಒಂಬತ್ತು ತಿಂಗಳು ನಾನು ಅಂಗೈಯಲ್ಲಿ..."

"ಅವಳಿಗೆ ಗೊತ್ತು, ತಾಯಿ. ಅಂದಿನಿಂದಲೂ ಗೊತ್ತು. ಗೊತ್ತಿದ್ದುದನ್ನು ಹಲ್ಲಿನಲ್ಲಿ ಹಿಡಿದುಕೊಂಡಿದ್ದಾಳೆ. ಅತ್ತು ಅಲುಗಾಡುವವಳನ್ನಾದರೆ ನಾನು ಹೆರಿಸಬಲ್ಲೆ. ಮೈಯೆಲ್ಲ ಮುಷ್ಟಿಯಾದವಳನ್ನು ಹೇಗೆ ಹೆರಿಸಲಿ?"

"ಹಾಗಾದರೆ ನೀನೇ ಹೇಳು. ನನ್ನ ಬಾಯಿಂದ ಆಗದು."

"ನಾನು ಹೇಳಿದರೆ ಚಾಡಿಯಾಗುತ್ತದೆ. ನೀನು ಹೇಳಿದರೆ ಸುದ್ದಿ."

ಅತ್ತೆ ಒಳಗೆ ಬಂದಳು. ಚರಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಎರಡು ಕಡೆ ಇಟ್ಟು ತೆಗೆದಳು. ಸೊಸೆಯ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು.

"ಮಗಳೇ, ನಿಮ್ಮವ್ವ ಹೋಗಿಬಿಟ್ಟಳು."

"ಅವ್ವಾ!" ಎಂದಳು ಸೊಸೆ.

ಆ ಕೂಗು ನೋವಿನದೋ ದುಃಖದ್ದೋ ಅಂಗಳದಲ್ಲಿದ್ದ ವರ್ತಕನಿಗೆ ತಿಳಿಯಲಿಲ್ಲ. ಅವನು ಎರಡು ಕಿವಿಗಳನ್ನೂ ಮುಚ್ಚಿಕೊಂಡು ಕುಕ್ಕರಿಸಿದನು. ಎರಡನೆಯ ಕೂಗು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ಮೂರನೆಯದಕ್ಕೆ ಅತ್ತೆಯ ದನಿಯೂ ಕೂಡಿತು. ನಾಲ್ಕು ತಿಂಗಳು ಆ ಮನೆಯ ಒಬ್ಬೊಬ್ಬರ ಎದೆಯಲ್ಲಿ ಬೇರೆಬೇರೆಯಾಗಿ ಕುಳಿತಿದ್ದ ಅಳು ಒಟ್ಟಿಗೆ ಹೊರಬಿದ್ದಿತು. ಬೆಳಗಿನಿಂದ ಅಲುಗದಿದ್ದ ಮಗು ಜಾರಿ ಸೂಲಗಿತ್ತಿಯ ಕೈಗೆ ಬಂದಿತು.

ಬಂದ ಮಗು ಅಳಲಿಲ್ಲ.

ಕೈಕಾಲು ಇದ್ದವು, ಮೈ ಬೆಚ್ಚಗಿತ್ತು. ಮುಖ ಮಾತ್ರ ಬಿಗಿದು ಕಪ್ಪಾಗಿತ್ತು. ಸೂಲಗಿತ್ತಿ ಬಾಯಿ ಒರೆಸಿದಳು, ಬೆನ್ನು ತಿಕ್ಕಿದಳು, ಅಂಗಾಲಿಗೆ ತಟ್ಟಿದಳು. ಅತ್ತೆ ಅದನ್ನು ಕಂಡಳು. ತಿಂಗಳುಗಟ್ಟಲೆ ರೂಢಿಯಾದ ಕೈ ತನ್ನಷ್ಟಕ್ಕೆ ತಾನೇ ಎದ್ದಿತು. ಅಳುತ್ತಿದ್ದ ಸೊಸೆಯ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು. "ಶ್! ಮಗು ನೋಡು, ಮಗು!"

ಕೋಣೆ ನಿಶ್ಶಬ್ದವಾಯಿತು. ಮಗುವೂ ನಿಶ್ಶಬ್ದವಾಗಿತ್ತು.

"ಕೈ ತೆಗೆ!" ಎಂದು ಗದರಿದಳು ಸೂಲಗಿತ್ತಿ. "ಒಳಗೆ ಇದ್ದಷ್ಟು ದಿನ ಅದಕ್ಕೆ ಇದನ್ನೇ ಕಲಿಸಿದಿರಿ. ತೆಗೆ ಕೈ!"

ಅತ್ತೆ ಕೈ ತೆಗೆದಳು. ತಡೆದಿದ್ದ ಅಳು ಮತ್ತೆ ಹೊರಹೊಮ್ಮಿತು. ಸೂಲಗಿತ್ತಿ ಮಗುವನ್ನು ತಾಯಿಯ ಬಾಯಿಯ ಹತ್ತಿರಕ್ಕೆ, ಆ ಅಳುವಿನೊಳಕ್ಕೇ ಎಂಬಂತೆ ಹಿಡಿದು, ಬೆನ್ನು ತಿಕ್ಕುತ್ತಲೇ ಇದ್ದಳು. ಮಗುವಿನ ಹುಬ್ಬು ಗಂಟಾಯಿತು. ತುಟಿ ವಕ್ರವಾಯಿತು. ಅದು ಒಮ್ಮೆ ಬಿಕ್ಕಿತು. ಆಮೇಲೆ ಬಾಯಿ ತೆರೆದು, ಇಡೀ ಬೀದಿಗೆ ಕೇಳುವಂತೆ ಅತ್ತಿತು.

ಸಂಜೆಯ ಹೊತ್ತಿಗೆ ಅತ್ತೆ ಸೊಸೆಯ ಪಕ್ಕದಲ್ಲಿ ಕುಳಿತಿದ್ದಳು. ಹೆಣ್ಣುಮಗು ಇಬ್ಬರ ನಡುವೆ ಮಲಗಿತ್ತು.

"ಯಾವಾಗ ತಿಳಿಯಿತು?"

"ಮುರಿಗೆ ನೋಡಿದಾಗಲೇ ಮನಸ್ಸಿಗೆ ತಟ್ಟಿತ್ತು, ಅತ್ತೆ. ಅವ್ವ ಎಡಚಿ."

"ಹಾಳಾದ್ದು, ನನಗೆ ಅದು ನೆನಪಾಗಲೇ ಇಲ್ಲವಲ್ಲ!" ಎಂದು ಅತ್ತೆ ಹಣೆ ಚಚ್ಚಿಕೊಂಡಳು. "ತಿಳಿದೂ ತಿಳಿದೂ ಏಕೆ ತಿಂದೆಯೇ?"

"ನೀವು ಮಾಡುತ್ತಿದ್ದಿರಲ್ಲ."

ಮುಂದಿನ ಸೋಮವಾರ ಅತ್ತೆ ತನ್ನ ಅಡಿಗೆಮನೆಯಲ್ಲಿಯೇ, ಎಲ್ಲರೂ ನೋಡುತ್ತಿರುವಾಗ ಕಡುಬಿಗೆ ಕುಳಿತಳು. ಮುರಿಗೆಯನ್ನು ಎಡಗೈಯಿಂದ ಹಾಕಲು ಹೋದಳು. ಎಣ್ಣೆಗೆ ಬಿಟ್ಟೊಡನೆ ಹೂರಣವೆಲ್ಲ ಸೋರಿಹೋಯಿತು.

ಗುರುಗಳು ಕತೆ ನಿಲ್ಲಿಸಿ ಗ್ರಂಥವನ್ನು ಹಲಗೆಯ ಮೇಲೆತ್ತಿಟ್ಟರು. ಅಡವಯ್ಯ ಕುಳಿತೇ ಇದ್ದನು. ಅವನ ಮುಖದಲ್ಲಿ ಲೆಕ್ಕಾಚಾರವೊಂದು ನಡೆಯುತ್ತಿತ್ತು.

"ಗುರುಗಳೇ, ಆ ಮನೆಯವರು ಎಚ್ಚರ ತಪ್ಪಿದರು, ಅಲ್ಲವೇ? ಮುರಿಗೆಯನ್ನು ಮೊದಲೇ ಎಡಕ್ಕೆ ಹಾಕಲು ಕಲಿತಿದ್ದರೆ, ಆ ಅಣ್ಣನನ್ನು ಬರಗೊಡದೆ ಇದ್ದಿದ್ದರೆ, ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಮಗುವಿಗೂ ತಾಗುತ್ತಿರಲಿಲ್ಲ. ಇನ್ನೂ ಸ್ವಲ್ಪ ಜಾಣತನದಿಂದ ಮುಚ್ಚಿಟ್ಟಿದ್ದರೆ..."

ಗುರುಗಳು ಅವನ ಮುಖವನ್ನು ನೋಡಲಿಲ್ಲ, ಅವನ ಕೈಯನ್ನು ನೋಡಿದರು.

"ಕತೆ ಮುಗಿಯುವುದರೊಳಗೆ ನೀನು ಆ ಸೊಂಟದ ಗಂಟನ್ನು ಒಂಬತ್ತು ಸಲ ಮುಟ್ಟಿ ನೋಡಿಕೊಂಡೆ, ಅಡವಯ್ಯ. ಮನೆಯಲ್ಲಿ ಎಷ್ಟು ಸಲ ಮುಟ್ಟಿಕೊಳ್ಳುತ್ತೀಯೆಂದು ಇಬ್ಬರು ಎಣಿಸುತ್ತಿದ್ದಾರೆ."